ಬೆನ್ನ ಮೇಲಿನ ಮನೆ

ಮನೆ ಕಟ್ಟಿ ನೆಲಸಲು ಕಲಿತ ದಿನದಿಂದಲೇ ಮನೆಯನ್ನು ಬಿಟ್ಟು ಹೊರಡುವ ಹಂಬಲವೂ ಮನುಷ್ಯನ ಬೆನ್ನು ಹತ್ತಿರಬೇಕು. ಉಣ್ಣಲು ಉಡಲು ಕೊರತೆಯಿಲ್ಲದ ದೇಶಗಳ ತರುಣ ತರುಣಿಯರು ಬೆನ್ನಿಗೊಂದು ದೊಡ್ಡ ಚೀಲವನ್ನು ಬಿಗಿದುಕೊಂಡು, ಕಂಡರಿಯದ ನಾಡುಗಳ ಬೆಟ್ಟಗಾಡುಗಳಲ್ಲಿ ತಿಂಗಳುಗಟ್ಟಲೆ ಅಲೆಯುತ್ತಾರೆ. ಆಲ್ಪ್ಸ್ ಆಗಲಿ, ಆಂಡೀಸ್ ಆಗಲಿ, ನಮ್ಮ ಹಿಮಾಲಯವೇ ಆಗಲಿ, ಅವರ ಕಾಲು ಸೋಕದ ಕಣಿವೆ ಅಪರೂಪ. ಆ ಚೀಲದಲ್ಲಿ ಮಡಿಸಿದ ಡೇರೆಯುಂಟು, ಸುತ್ತಿಟ್ಟ ಹಾಸಿಗೆಯುಂಟು, ಅಂಗೈಯಗಲದ ಒಲೆಯುಂಟು. ಒಂದು ಬೋಗುಣಿ, ಒಂದು ಚಮಚ, ಒಂದು ಭೂಪಟ ಉಂಟು. ಕಾಲು ಸೋತಾಗ ಅವರು ರಸ್ತೆಯ ಅಂಚಿನಲ್ಲಿ ನಿಂತು ಹೆಬ್ಬೆರಳನ್ನು ಮೇಲೆತ್ತುತ್ತಾರೆ. ಸ್ಥಳವಿದ್ದರೆ ನಮ್ಮನ್ನೂ ಹತ್ತಿಸಿಕೊಂಡು ಹೋಗಿ ಎಂಬುದು ಅದರ ಅರ್ಥ. ಯಾವನೋ ಲಾರಿಯವನು ನಿಲ್ಲಿಸುತ್ತಾನೆ. ಹೆಸರು ಕೇಳುವುದಿಲ್ಲ, ಹಣ ಕೇಳುವುದಿಲ್ಲ, ನಾಲ್ಕು ಬೆಟ್ಟಗಳ ಆಚೆ ಇಳಿಸಿ ಕೈಬೀಸಿ ಹೊರಟುಹೋಗುತ್ತಾನೆ. ೧೯೬೦ ಮತ್ತು ೭೦ರ ದಶಕಗಳಲ್ಲಿ ಹೀಗೆ ಇಸ್ತಾಂಬುಲಿನಿಂದ ಹೊರಟು ಟೆಹರಾನ್, ಕಾಬೂಲ್, ಖೈಬರ್ ಕಣಿವೆಗಳನ್ನು ದಾಟಿ ದೆಹಲಿಗೆ ಬಂದವರು ಸಾವಿರಾರು ಮಂದಿ. ೧೯೭೯ರಲ್ಲಿ ಇರಾನಿನ ಕ್ರಾಂತಿಯೂ ಆಫ್ಘಾನಿಸ್ತಾನದ ಮೇಲೆ ಸೋವಿಯತ್ ಸೇನೆಯ ದಾಳಿಯೂ ಸೇರಿ ಆ ದಾರಿಯನ್ನು ಮುಚ್ಚಿದವು. ದಾರಿ ಮುಚ್ಚಿದರೂ ಅಲೆಯುವವರ ಸಂತತಿ ಮುಗಿಯಲಿಲ್ಲ.

ಹಂಪೆಗೂ ಗೋಕರ್ಣಕ್ಕೂ ಬರುವ ಇಂತಹ ಯಾತ್ರಿಕರಲ್ಲಿ ಒಬ್ಬಿಬ್ಬರು ಎಂದಾದರೊಮ್ಮೆ ಚನ್ನಗಿರಿಯ ಅಥವಾ ಹೊನ್ನಾಳಿಯ ಬಸ್ಸು ನಿಲ್ದಾಣದಲ್ಲಿ ಇಳಿಯುವುದುಂಟು. ಇಳಿದೊಡನೆ ಅವರ ಸುತ್ತ ಹುಡುಗರ ಹಿಂಡು ನೆರೆಯುತ್ತದೆ. ತಲೆಯಿಂದ ಸೊಂಟದವರೆಗೆ ಹಬ್ಬಿದ ಆ ಚೀಲವನ್ನು ನೋಡಿ, ಸೊಪ್ಪಿನ ಬುಟ್ಟಿಯ ಹಿಂದೆ ಕುಳಿತ ಮುದುಕಿ, "ಅಯ್ಯೋ ಶಿವನೇ, ಮನಿಮಠ ಇಲ್ಲೇನೋ ಪಾಪ, ಎಲ್ಲಾ ಹೊತ್ಕಂಡೇ ತಿರುಗ್ತಾವೆ" ಎಂದು ಮರುಗುತ್ತಾಳೆ. ಹುಡುಗರಿಗೆ ನಗು. ಆದರೆ ಮುದುಕಿಯ ಮರುಕ ನಗಬೇಕಾದದ್ದಲ್ಲ. ಮನೆಯನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಕಾಡುಗಳನ್ನು ದಾಟುವ ಜನರನ್ನು ಈ ಸೀಮೆ ತಲೆಮಾರುಗಳ ಕಾಲ ಕಂಡಿದೆ. ಅವರು ಆಟಕ್ಕಾಗಿ ಹೊರಟವರಲ್ಲ. ಹೊರುವುದೇ ಅವರ ಬದುಕಾಗಿತ್ತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. ೧೯೯೭ರಲ್ಲಿ ಆ ಜಿಲ್ಲೆ ರೂಪುಗೊಳ್ಳುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ನ್ಯಾಮತಿಯಂತೂ ಹೊನ್ನಾಳಿಯ ಮಡಿಲಿನಿಂದ ಈಚೆಗೆ ಹೊರಬಂದ ಕೂಸು. ಸರ್ಕಾರದ ಗಡಿಗೆರೆಗಳು ಹೇಗೆ ಬದಲಾದರೂ ನೆಲದ ಗುಣ ಬದಲಾಗಲಿಲ್ಲ. ಪಶ್ಚಿಮದಲ್ಲಿ ನ್ಯಾಮತಿಯ ಕಡೆ ಮಲೆನಾಡಿನ ಸೆರಗು. ಅಲ್ಲಿ ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದ ಬೆಟ್ಟದಲ್ಲಿ ಬೇಸಗೆಯಲ್ಲಿಯೂ ಬತ್ತದ ನೀರಿನ ಒರತೆ. ನಡುವೆ ಹೊನ್ನಾಳಿಯನ್ನು ತೊಳೆದು ಹರಿಹರದ ಕಡೆ ಸಾಗುವ ತುಂಗಭದ್ರೆ. ದಕ್ಷಿಣಕ್ಕೆ ಚನ್ನಗಿರಿಯ ಗುಡ್ಡಗಳು, ಉಬ್ರಾಣಿಯ ಕಾಡು, ಸೂಳೆಕೆರೆ ಎಂದೂ ಶಾಂತಿಸಾಗರ ಎಂದೂ ಕರೆಯುವ ಸಮುದ್ರದಂಥ ಕೆರೆ. ಪೂರ್ವಕ್ಕೆ ಹೋದಂತೆ ಹಸುರು ತೆಳುವಾಗಿ, ಜಗಳೂರಿಗೆ ಬರುವ ಹೊತ್ತಿಗೆ ಮುಳ್ಳುಕಂಟಿಯ ಗುಡ್ಡ, ಕೆಂಪು ಮಣ್ಣು, ಮುಗಿಲು ನೋಡುವ ಒಕ್ಕಲು. ಆ ಒಣ ಗುಡ್ಡಗಳಲ್ಲಿಯೇ ರಂಗಯ್ಯನದುರ್ಗದ ಅಭಯಾರಣ್ಯವಿದೆ. ನಾಲ್ಕು ಕೊಂಬಿನ ಕೊಂಡುಕುರಿಗಾಗಿ ೨೦೧೧ರಲ್ಲಿ ಸುಮಾರು ೭೭ ಚದರ ಕಿಲೋಮೀಟರ್ ಕಾಡನ್ನು ಅಲ್ಲಿ ಕಾಯ್ದಿರಿಸಲಾಯಿತು. ಕೊಂಡುಕುರಿ ಬಲು ನಾಚಿಕೆಯ ಪ್ರಾಣಿ. ಗುಂಪುಗಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ತಿರುಗುತ್ತದೆ. ಅದನ್ನು ಕಾಣಬೇಕೆಂದು ಹೋದವರಿಗಿಂತ, ಸೌದೆಗೆಂದು ಹೋಗಿ ಅಕಸ್ಮಾತ್ತಾಗಿ ಕಂಡವರೇ ಹೆಚ್ಚು.

ಹೀಗೆ ಮಲೆನಾಡಿಗೂ ಬಯಲುಸೀಮೆಗೂ ನಡುವೆ ಹೊಸ್ತಿಲಿನಂತೆ ಬಿದ್ದಿರುವ ನೆಲವಿದು. ಒಂದು ಕಡೆ ಬೆಳೆದದ್ದು ಇನ್ನೊಂದು ಕಡೆ ಇಲ್ಲ. ಘಟ್ಟದ ಕೆಳಗಿನ ಕಡಲ ದಂಡೆಯಲ್ಲಿ ಉಪ್ಪುಂಟು, ಭತ್ತದ ಸೀಮೆಯಲ್ಲಿ ಅಕ್ಕಿಯುಂಟು, ಬಯಲಿನಲ್ಲಿ ಜೋಳ, ಹತ್ತಿ, ಕಾಳುಗಳುಂಟು. ನ್ಯಾಮತಿ ಸಂತೆಯ ಊರಾಗಿ ಬೆಳೆದದ್ದೂ ಈ ಎರಡು ಸೀಮೆಗಳ ಕೊಡುಕೊಳ್ಳುವಿಕೆಯಿಂದಲೇ. ಉಪ್ಪಿಲ್ಲದೆ ಬಯಲಿನವನು ಉಣ್ಣಲಾರ. ಆದರೆ ಉಪ್ಪು ತಾನೇ ಘಟ್ಟ ಹತ್ತಿ ಬರಲಾರದು. ಚಕ್ರದ ಗಾಡಿ ಘಟ್ಟದ ಕಾಲುದಾರಿಯಲ್ಲಿ ಏರಲಾರದು. ಆಗ ಬೇಕಾದದ್ದು ಎತ್ತಿನ ಬೆನ್ನು. ಎತ್ತಿನ ಬೆನ್ನ ಮೇಲೆ ಎರಡು ಕಡೆ ತೂಗುವಂತೆ ಹಾಕುವ ಹೊರೆಗೆ ಕನ್ನಡದಲ್ಲಿ ಹೇರು ಎಂದು ಹೆಸರು. ಹೇರು ಹೊತ್ತದ್ದು ಹೇರೆತ್ತು. ಇಬ್ಬದಿಗೂ ಇಳಿಬೀಳುವ ಚೀಲ ಹಸುಬೆ. ದಾರಿಯ ಊಟ ಬುತ್ತಿ. ಪಾಶ್ಚಾತ್ಯ ತರುಣನ ಚೀಲದೊಳಗಿನ ಸಾಮಾನುಗಳಿಗೆಲ್ಲ ನಮ್ಮ ಭಾಷೆಯಲ್ಲಿ ಆಗಲೇ ಹೆಸರುಗಳಿದ್ದವು. ಅವು ಈಗ ನಿಘಂಟಿನಲ್ಲಿ ಧೂಳು ಹಿಡಿದು ಕುಳಿತಿವೆ ಅಷ್ಟೆ.

ಈ ಹೇರುಗಳ ಒಡೆಯರು ಲಂಬಾಣಿಗಳು. ಬಂಜಾರರೆಂದೂ ಸುಗಾಲಿಗಳೆಂದೂ ಅವರನ್ನು ಬೇರೆ ಬೇರೆ ಸೀಮೆಗಳಲ್ಲಿ ಕರೆಯುತ್ತಾರೆ. ಉಪ್ಪಿಗೆ ಸಂಸ್ಕೃತದಲ್ಲಿರುವ ಲವಣ ಎಂಬ ಮಾತಿನಿಂದಲೇ ಲಂಬಾಣಿ ಎಂಬ ಹೆಸರು ಬಂತೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಅವರು ತಮ್ಮನ್ನು ಗೋರ್ ಎಂದು ಕರೆದುಕೊಳ್ಳುತ್ತಾರೆ. ಹೊರಗಿನವರೆಲ್ಲರೂ ಅವರ ಪಾಲಿಗೆ ಕೋರ್. ರಾಜಸ್ಥಾನದ ಕಡೆಯಿಂದ ಹೊರಟು, ೧೭ನೆಯ ಶತಮಾನದಲ್ಲಿ ಮೊಗಲರ ದಂಡುಗಳಿಗೆ ಧಾನ್ಯ ಹೊರುತ್ತ ದಖನ್ನಿಗೆ ಅವರ ದೊಡ್ಡ ತಾಂಡಾಗಳು ಇಳಿದವು. ಆ ಕಾಲದ ವಿದೇಶೀ ಪ್ರವಾಸಿಗಳು ಈ ತಾಂಡಾಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರೆ. ೧೬೩೨ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರ ಭಾರತದಲ್ಲಿ ೧೪,೦೦೦ ಎತ್ತುಗಳ ಒಂದು ತಾಂಡಾವನ್ನು ಎದುರುಗೊಂಡ. ಒಂದೊಂದು ಎತ್ತಿನ ಮೇಲೆ ನೂರು ಕಿಲೋಗ್ರಾಮ್ ಹೇರೆಂದು ಹಿಡಿದರೂ ಒಟ್ಟು ೧,೪೦೦ ಟನ್ನುಗಳಾಯಿತು. ಇಂದಿನ ಹತ್ತು ಟನ್ನಿನ ಲಾರಿಗಳಾದರೆ ೧೪೦ ಬೇಕು. ಫ್ರಾನ್ಸಿನ ರತ್ನವ್ಯಾಪಾರಿ ತಾವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಇಕ್ಕಟ್ಟಾದ ದಾರಿಯಲ್ಲಿ ಎದುರಾದರೆ ಅದು ಹಾದುಹೋಗುವವರೆಗೆ ಪ್ರಯಾಣಿಕರು ಎರಡು ಮೂರು ದಿನ ಕಾಯಬೇಕಾಗುತ್ತಿತ್ತೆಂದು ಹೇಳುತ್ತಾನೆ. ದೊಡ್ಡ ಪಟ್ಟಣಗಳ ವಾಹನ ದಟ್ಟಣೆಯನ್ನು ದೂರುವವರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು.

ತಾಂಡಾದ ನಡಿಗೆ ನಿಧಾನದ್ದು. ದಿನಕ್ಕೆ ಆರೇಳು ಮೈಲಿ, ಅಷ್ಟೇ. ಅದು ಸೋಮಾರಿತನವಲ್ಲ, ಲೆಕ್ಕಾಚಾರ. ಎತ್ತುಗಳು ದಾರಿಯ ಹುಲ್ಲನ್ನು ಮೇಯುತ್ತಲೇ ಸಾಗಬೇಕು. ಮೇವಿಗೆ ದುಡ್ಡು ಕೊಟ್ಟರೆ ಉಪ್ಪಿನ ಬೆಲೆ ಬಡವನ ಕೈಗೆ ಎಟುಕುವುದಿಲ್ಲ. ಮುಂದೆ ಗಂಟೆ, ಕವಡೆಗಳಿಂದ ಅಲಂಕರಿಸಿದ ಮುಂದಾಳು ಎತ್ತು. ಅದರ ಹಿಂದೆ ಉಳಿದವು. ಬದಿಯಲ್ಲಿ ಕಾವಲಿನ ನಾಯಿಗಳು. ಸಂಜೆ ನಾಯಕನು ಮೇವು ನೀರುಗಳನ್ನು ನೋಡಿ ತಂಗುವ ಜಾಗವನ್ನು ನಿರ್ಧರಿಸಿದನೆಂದರೆ, ಇಳಿಸಿದ ಗೋಣಿಗಳನ್ನೇ ಒಂದರ ಮೇಲೊಂದು ಪೇರಿಸಿ ಗೋಡೆ ಮಾಡುತ್ತಿದ್ದರು. ಹಗಲು ಹೊರೆಯಾದದ್ದು ಇರುಳು ಮನೆ. ಹೆಂಗಸರ ಲಂಗ ಕಂಚುಕಗಳಲ್ಲಿ ಹೊಳೆಯುವ ಕನ್ನಡಿಯ ಬಿಲ್ಲೆಗಳು, ತೋಳು ತುಂಬಿದ ಬಳೆಗಳು, ಬೆಳ್ಳಿಯ ಒಡವೆಗಳು, ಪೋಣಿಸಿದ ನಾಣ್ಯಗಳು ನೋಡುವವರ ಕಣ್ಣಿಗೆ ಸಿಂಗಾರ. ಆದರೆ ಬೀರು, ಕಣಜಗಳಿಲ್ಲದವರು ಕೂಡಿಟ್ಟದ್ದನ್ನು ಮೈಮೇಲೆ ಹೊರದೆ ಇನ್ನೆಲ್ಲಿ ಇಡಬೇಕು? ಹೆರಿಗೆಯೂ ದಾರಿಯಲ್ಲಿ, ಸಾವೂ ದಾರಿಯಲ್ಲಿ. ಮಳೆಗಾಲದಲ್ಲಿ ಮಾತ್ರ ಎಲ್ಲಿಯಾದರೂ ಗುಡ್ಡದ ಓರೆಯಲ್ಲಿ ತಂಗಿ, ಎತ್ತುಗಳ ಬೆನ್ನ ಹುಣ್ಣುಗಳನ್ನು ಮಾಗಿಸಿಕೊಳ್ಳುತ್ತಿದ್ದರು.

ಅವರಲ್ಲಿ ಹೇಳುವ ಒಂದು ಕಥೆಯುಂಟು. ಮೊಗಲ ಸರದಾರನಾದ ಆಸಫ್ ಖಾನನು ದಂಡೆತ್ತಿ ದಖನ್ನಿಗೆ ಬಂದಾಗ ಭಂಗಿ, ಝಂಗಿ ಎಂಬ ಇಬ್ಬರು ನಾಯಕರ ಎತ್ತುಗಳು ಅವನ ಸೇನೆಗೆ ಧಾನ್ಯ ಹೊತ್ತವಂತೆ. ದಾರಿಯಲ್ಲಿ ನೀರಿಲ್ಲದಿದ್ದರೆ ಜನರ ಕೊಡಗಳಿಂದ ನೀರನ್ನೂ, ಮೇವಿಲ್ಲದಿದ್ದರೆ ಗುಡಿಸಲಿನ ಸೂರಿನಿಂದ ಹುಲ್ಲನ್ನೂ ತೆಗೆದುಕೊಳ್ಳಲು ಆತ ಅವರಿಗೆ ಅಪ್ಪಣೆ ಕೊಟ್ಟನಂತೆ. ಕಥೆ ಎಷ್ಟು ನಿಜವೋ, ಅಂತೂ ಅದರಲ್ಲಿ ಒಂದು ಕಹಿ ಅಡಗಿದೆ. ಸೂರಿನ ಹುಲ್ಲನ್ನು ಕಳೆದುಕೊಂಡ ಒಕ್ಕಲಿಗನನ್ನು ಯಾರೂ ಕೇಳಿರಲಿಲ್ಲ. ಬೇಡಿ ಪಡೆದ ನೀರಿಗೂ ಅಪ್ಪಣೆಯ ಬಲದಿಂದ ಪಡೆದ ನೀರಿಗೂ ಇರುವ ಅಂತರ ದಾರಿಹೋಕನಿಗೆ ತಿಳಿಯದಿದ್ದರೂ ಮನೆಯವಳಿಗೆ ತಿಳಿಯುತ್ತದೆ. ದಾರಿಯವರಿಗೂ ಊರವರಿಗೂ ನಡುವಣ ಅಪನಂಬಿಕೆ ಇಂತಹ ಕಡೆಗಳಲ್ಲಿಯೇ ಮೊಳೆತಿರಬೇಕು.

ಯುದ್ಧವಿಲ್ಲದ ಕಾಲದಲ್ಲಿ ಹಳ್ಳಿಗರಿಗೆ ಬೇಕಾದವರು, ಯುದ್ಧದಲ್ಲಿ ದೊರೆಗಳಿಗೆ ಇನ್ನೂ ಹೆಚ್ಚು ಬೇಕಾದರು. ಟಿಪ್ಪು ಸುಲ್ತಾನನ ಮೇಲೆ ೧೭೯೧-೯೨ರಲ್ಲಿ ದಂಡೆತ್ತಿದ ಕಾರ್ನ್‌ವಾಲಿಸನ ಸೇನೆಗೆ ಬಂಜಾರರ ಅಕ್ಕಿಯೇ ಆಧಾರವಾಯಿತು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್ ೧೭೯೯ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಬಿಡಿಸಿಕೊಂಡು, ಈ ಸೀಮೆಯಲ್ಲೆಲ್ಲ ದಂಡು ಕೂಡಿಸಿ, ಎರಡು ಲೋಕಗಳ ಒಡೆಯನೆಂದು ಬಿರುದು ಇಟ್ಟುಕೊಂಡು ಇಂಗ್ಲಿಷರನ್ನು ಕಾಡಿದ. ಅವನ ಬೆನ್ನಟ್ಟಿದವನು ಮುಂದೆ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ನಿನ ಡ್ಯೂಕ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ. ೧೮೦೦ರ ಸೆಪ್ಟೆಂಬರ್ ೧೦ರಂದು ಧೋಂಡಿಯ ಕಾಳಗದಲ್ಲಿ ಮಡಿದ. ಅವನ ಎಳೆಯ ಮಗನನ್ನು ವೆಲ್ಲೆಸ್ಲಿಯೇ ಸಾಕಿಸಿದನೆಂಬುದು ಆ ಕ್ರೂರ ಬೆನ್ನಟ್ಟುವಿಕೆಯ ನಡುವೆ ಕಾಣುವ ಒಂದು ಮೃದುವಾದ ಸಂಗತಿ. ಆ ಕಾಲದ ವೆಲ್ಲೆಸ್ಲಿಯ ಪತ್ರಗಳಲ್ಲಿ ಫಿರಂಗಿಗಳಷ್ಟೇ ಎತ್ತುಗಳ, ಅಕ್ಕಿಯ, ಬಂಜಾರರ ಚಿಂತೆ ತುಂಬಿದೆ. ಬಂಜಾರರು ಯಾರ ಪಕ್ಷವನ್ನೂ ಹಿಡಿಯದೆ ಇಬ್ಬರಿಗೂ ಧಾನ್ಯ ಮಾರಬಲ್ಲವರಾಗಿದ್ದರು. ಅವರನ್ನು ಸುಲಿದರೆ ನಾಳೆ ತನಗೇ ಅಕ್ಕಿಯಿಲ್ಲವೆಂಬುದು ಪ್ರತಿಯೊಬ್ಬ ದಂಡನಾಯಕನಿಗೂ ಗೊತ್ತಿತ್ತು.

ಹೀಗೆ ಬೇಕಾಗಿದ್ದವರು ಬೇಡವಾಗಲು ನೂರು ವರ್ಷ ಕೂಡ ಹಿಡಿಯಲಿಲ್ಲ. ಘಟ್ಟಗಳಲ್ಲಿ ಗಾಡಿಯ ರಸ್ತೆಗಳಾದವು. ೧೯ನೆಯ ಶತಮಾನದ ಕೊನೆಯ ಹೊತ್ತಿಗೆ ಹರಿಹರಕ್ಕೂ ಶಿವಮೊಗ್ಗಕ್ಕೂ ರೈಲು ಬಂತು. ಸಾವಿರ ಎತ್ತುಗಳು ಎರಡು ತಿಂಗಳು ಹೊರುವುದನ್ನು ಉಗಿಬಂಡಿ ಕೆಲವೇ ದಿನಗಳಲ್ಲಿ ಹೊತ್ತು ಹಾಕಿತು. ಹೇರೆತ್ತಿನ ಬೆನ್ನು ಬರಿದಾಯಿತು. ಕೆಲಸ ಹೋದದ್ದು ಒಂದು ಪೆಟ್ಟು. ಅದರ ಹಿಂದೆಯೇ ಬಂದ ಇನ್ನೊಂದು ಪೆಟ್ಟು ಅದಕ್ಕಿಂತ ಕಠೋರವಾದದ್ದು. ೧೮೭೧ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂಬುದನ್ನು ಮಾಡಿತು. ಮೊದಲು ಉತ್ತರ ಭಾರತದಲ್ಲಿ, ೧೯೧೧ರ ಹೊಸ ಶಾಸನದ ಬಳಿಕ ಮದರಾಸು ಪ್ರಾಂತ್ಯದಲ್ಲಿಯೂ ಅದು ನಡೆಯಿತು. ಅಲೆದಾಡುವ ಎಷ್ಟೋ ಸಮುದಾಯಗಳು ಆ ಪಟ್ಟಿಗೆ ಬಿದ್ದವು. ಹಲವೆಡೆ ಲಂಬಾಣಿಗಳ ಗುಂಪುಗಳೂ ಅದರಲ್ಲಿ ಸೇರಿದವು. ಪಟ್ಟಿಗೆ ಬಿದ್ದವನು ಪೋಲೀಸರ ಮುಂದೆ ಹಾಜರಿ ಹಾಕಬೇಕು; ಊರು ಬಿಡಬೇಕಾದರೆ ಚೀಟಿ ಪಡೆಯಬೇಕು. ಕದ್ದವನಿಗೆ ಶಿಕ್ಷೆ ಎನ್ನುವುದು ನ್ಯಾಯ. ಇಲ್ಲಿಯಾದರೋ ಇಂಥ ಕುಲದಲ್ಲಿ ಹುಟ್ಟಿದ್ದೇ, ಒಂದು ಕಡೆ ನಿಲ್ಲದೆ ನಡೆದದ್ದೇ ಅಪರಾಧವಾಯಿತು. ಅದೇ ಕಾಲದಲ್ಲಿ ಅದೇ ಇಂಗ್ಲೆಂಡಿನ ಸಿರಿವಂತರು ಬೆನ್ನಿಗೆ ಚೀಲ ಕಟ್ಟಿಕೊಂಡು ಆಲ್ಪ್ಸ್ ಪರ್ವತಗಳನ್ನು ಹತ್ತುವುದನ್ನು ಪುರುಷಲಕ್ಷಣವೆಂದು ಕೊಂಡಾಡುತ್ತಿದ್ದರು; ಅದಕ್ಕಾಗಿ ೧೮೫೭ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಎಂಬ ಸಂಘವನ್ನೇ ಕಟ್ಟಿಕೊಂಡಿದ್ದರು. ನಡಿಗೆ ಒಂದೇ, ಬೆಟ್ಟ ಒಂದೇ, ಬೆನ್ನ ಮೇಲಿನ ಹೊರೆಯೂ ಒಂದೇ. ನಡೆಯುವವನು ಯಾರು ಎಂಬುದರ ಮೇಲೆ ಒಂದು ಸಾಹಸವಾಯಿತು, ಇನ್ನೊಂದು ಸಂಶಯವಾಯಿತು. ಸ್ವತಂತ್ರ ಭಾರತ ೧೯೫೨ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಕಾಯಿದೆ ಪುಸ್ತಕದಿಂದ ಹೋದ ಮಾತ್ರಕ್ಕೆ ಸಂಶಯ ಕಣ್ಣುಗಳಿಂದ ಹೋಗಲಿಲ್ಲವೆಂಬುದನ್ನು ತಾಂಡಾದ ಹಿರಿಯರು ಇಂದಿಗೂ ಹೇಳಬಲ್ಲರು.

ನಡೆಯುವ ತಾಂಡಾ ನಿಂತ ತಾಂಡಾ ಆಯಿತು. ಊರಿಗೆ ಅಂಟಿಯೂ ಅಂಟದಂತೆ, ಗುಡ್ಡದ ಬುಡದಲ್ಲಿಯೋ ಕಾಡಿನ ಅಂಚಿನಲ್ಲಿಯೋ ಗುಡಿಸಲುಗಳು ಎದ್ದವು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಅಂತಹ ತಾಂಡಾಗಳನ್ನು ಕಾಣಬಹುದು. ಮನೆ ನಿಂತರೂ ಮನೆಯ ಕೆಳಗಿನ ನೆಲ ಕಾಗದದಲ್ಲಿ ಬೇರೆಯವರದೋ ಸರ್ಕಾರದ್ದೋ ಆಗಿ ಎಷ್ಟೋ ಕಾಲ ಉಳಿಯಿತು. ವಾಸಿಸುವವನೇ ಮನೆಯ ಒಡೆಯನೆಂಬ ತಿದ್ದುಪಡಿ ಕರ್ನಾಟಕದ ಭೂಸುಧಾರಣಾ ಶಾಸನಕ್ಕೆ ಸೇರಿದ್ದು ಈಚಿನ ಮಾತು. ೨೦೨೩ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಉತ್ತರ ಕರ್ನಾಟಕದ ೫೦,೦೦೦ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಕೊಡಲಾಯಿತು. ಮಳೆ ಕೈಕೊಟ್ಟ ವರ್ಷ ಈಗಲೂ ಒಣಸೀಮೆಯ ತಾಂಡಾಗಳಿಂದ ಗಂಡಹೆಂಡಿರು ಮಕ್ಕಳನ್ನು ಅಜ್ಜಿಯ ವಶಕ್ಕೆ ಬಿಟ್ಟು, ಪಾತ್ರೆಪಡಗ ಗಂಟುಕಟ್ಟಿ, ಲಾರಿಯ ಹಿಂಭಾಗದಲ್ಲಿ ಕುಳಿತು ಕಾಫಿ ತೋಟಗಳಿಗೂ ಕಬ್ಬಿನ ಗದ್ದೆಗಳಿಗೂ ಹೊರಡುವುದುಂಟು. ಅದನ್ನು ಯಾರೂ ಪ್ರವಾಸವೆಂದು ಕರೆಯುವುದಿಲ್ಲ.

ಅಪರಿಚಿತನು ಬಾಗಿಲಿಗೆ ಬಂದಾಗ ಒಳಗಿನವರು ಏನು ಮಾಡುತ್ತಾರೆ ಎಂಬುದೇ ಎಲ್ಲ ಯಾತ್ರೆಗಳ ನಿಜವಾದ ಪ್ರಶ್ನೆ. ಇದನ್ನು ಒರೆಗೆ ಹಚ್ಚಿ ನೋಡಿದ ಇಬ್ಬರು ತರುಣರ ಕಥೆ ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ ಮೊದಲಾಗುತ್ತದೆ. ಸತೀಶ್ ಕುಮಾರ್ ರಾಜಸ್ಥಾನದವರು. ಬಾಲ್ಯದಲ್ಲಿ ಜೈನ ಮುನಿಯಾಗಿದ್ದು, ಬಳಿಕ ವಿನೋಬಾ ಭಾವೆಯವರ ಭೂದಾನ ಚಳವಳಿಗೆ ಸೇರಿದವರು. ಅವರ ಗೆಳೆಯ ಇ.ಪಿ. ಮೆನನ್. ೮೯ ವರ್ಷದ ಬರ್ಟ್ರಂಡ್ ರಸೆಲ್ ಅಣ್ವಸ್ತ್ರಗಳನ್ನು ವಿರೋಧಿಸಿ ೧೯೬೧ರಲ್ಲಿ ಸೆರೆಮನೆ ಸೇರಿದ ಸುದ್ದಿಯನ್ನು ಓದಿ, ಆ ಮುದುಕ ಅಷ್ಟು ಮಾಡುತ್ತಿರುವಾಗ ತಾವು ಕಾಫಿ ಕುಡಿಯುತ್ತ ಕುಳಿತಿರುವುದೇ ಎಂದು ಇಬ್ಬರಿಗೂ ನಾಚಿಕೆಯಾಯಿತು. ಅಣುಬಾಂಬು ಹೊಂದಿದ್ದ ನಾಲ್ಕು ದೇಶಗಳ ರಾಜಧಾನಿಗಳಿಗೆ, ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ನುಗಳಿಗೆ, ನಡೆದುಹೋಗಿ ಶಾಂತಿಯನ್ನು ಬೇಡುವುದೆಂದು ನಿಶ್ಚಯಿಸಿದರು. ವಿನೋಬಾ ಅವರನ್ನು ಹರಸಿ, ಜೇಬಿನಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳಬೇಡಿ ಎಂದರಂತೆ. ಕಾಸಿದ್ದವನು ದಣಿದು ಊರಿಗೆ ಬಂದರೆ ಹೋಟೆಲನ್ನು ಹುಡುಕುತ್ತಾನೆ, ಊಟ ಮಾಡಿ ಮಲಗುತ್ತಾನೆ, ಬೆಳಗ್ಗೆ ಹೊರಟುಹೋಗುತ್ತಾನೆ. ಕಾಸಿಲ್ಲದವನು ಯಾರಾದರೊಬ್ಬರ ಬಾಗಿಲನ್ನು ತಟ್ಟಲೇಬೇಕು, ಮಾತನಾಡಲೇಬೇಕು.

೧೯೬೨ರ ಜೂನ್ ೧ರಂದು ದೆಹಲಿಯ ರಾಜಘಾಟದಿಂದ ಅವರು ಹೊರಟರು. ಪಾಕಿಸ್ತಾನದ ಗಡಿಯಲ್ಲಿ ಬೀಳ್ಕೊಡಲು ಬಂದವರು, ಶತ್ರುದೇಶದಲ್ಲಿ ಹಸಿದೀರಿ ಎಂದು ಬುತ್ತಿಯ ಪೊಟ್ಟಣಗಳನ್ನು ಕೊಟ್ಟರು. ಅವರು ಅದನ್ನು ಒಲ್ಲೆನೆಂದರು. ಬುತ್ತಿ ಹೊತ್ತು ಹೋಗುವುದೆಂದರೆ ಆಚೆಯವರನ್ನು ನಂಬಲಾರೆನೆಂದು ಹೊತ್ತು ಹೋದಂತೆ ಎಂಬುದು ಸತೀಶರ ವಿಚಾರ. ಗಡಿ ದಾಟಿದೊಡನೆ, ಪತ್ರಿಕೆಯಲ್ಲಿ ಸುದ್ದಿ ಓದಿದ್ದ ಪಾಕಿಸ್ತಾನದ ಒಬ್ಬ ಅಪರಿಚಿತ ಅವರನ್ನು ತನ್ನ ಮನೆಗೆ ಕರೆದ. ಕಾರಿನಲ್ಲಿ ಬನ್ನಿ ಎಂದರೆ ಒಪ್ಪಲಿಲ್ಲ; ನಡೆದೇ ಅವನ ಮನೆಯನ್ನು ಸೇರಿದರು. ಅನಂತರ ಖೈಬರ್ ಕಣಿವೆ, ಆಫ್ಘಾನಿಸ್ತಾನದ ಬೋಳು ಬೆಟ್ಟಗಳು, ಇರಾನಿನ ಬೆಂಗಾಡು, ಕಾಕಸಸ್ ಪರ್ವತಗಳ ಸೀಮೆ. ಭಾಷೆ ಬಾರದು, ಚಳಿ ತಡೆಯದು, ಮಾಂಸ ತಿನ್ನುವುದಿಲ್ಲವೆಂಬ ವ್ರತ ಬೇರೆ. ಜಾರ್ಜಿಯಾದಲ್ಲಿ ಚಹಾ ಕಾರ್ಖಾನೆಯ ಇಬ್ಬರು ಹೆಣ್ಣಾಳುಗಳು ಅವರ ಕಥೆ ಕೇಳಿ ಒಳಗೆ ಕರೆದು ಉಪಚರಿಸಿದರು. ಹೊರಡುವಾಗ ಒಬ್ಬಳು ನಾಲ್ಕು ಪೊಟ್ಟಣ ಚಹಾ ತಂದು ಕೊಟ್ಟಳು. ನಾಲ್ಕು ದೇಶಗಳ ನಾಯಕರಿಗೆ ಒಂದೊಂದು. ಬಾಂಬಿನ ಗುಂಡಿಯನ್ನು ಒತ್ತಬೇಕೆನಿಸಿದಾಗ ಒಂದು ಗಳಿಗೆ ನಿಂತು ಒಂದು ಬಟ್ಟಲು ಚಹಾ ಕುಡಿಯಲಿ ಎಂದು ಅವಳ ಆಶಯ. ಬುತ್ತಿಯನ್ನು ಒಲ್ಲೆನೆಂದವರು ಆ ಚಹಾವನ್ನು ಮಾತ್ರ ದೇಶದೇಶಗಳಿಗೆ ಹೊತ್ತರು. ಪ್ಯಾರಿಸ್ಸಿನಲ್ಲಿ ಅವರನ್ನು ಬಂಧಿಸಿದ್ದೂ ಉಂಟು. ಕಡಲುಗಳನ್ನು ಹಡಗಿನಲ್ಲಿ ದಾಟಿ, ಉಳಿದೆಡೆ ನಡೆದು, ಸುಮಾರು ೮,೦೦೦ ಮೈಲಿಗಳ ಯಾತ್ರೆ ಮಾಡಿ ೧೯೬೪ರ ಜನವರಿಯಲ್ಲಿ ವಾಷಿಂಗ್ಟನ್ ತಲುಪಿದರು. ಬಾಂಬುಗಳೇನೂ ಕಡಮೆಯಾಗಲಿಲ್ಲ. ಆದರೆ ಎಷ್ಟೋ ದೇಶಗಳಲ್ಲಿ, ಕಾಸಿಲ್ಲದೆ ಬಂದು ನಿಂತ ಇಬ್ಬರು ಪರದೇಶಿಗಳಿಗೆ ಬಾಗಿಲುಗಳು ತೆರೆದುಕೊಂಡವು.

ಅವರು ಗಂಡಸರು, ಓದಿದವರು, ಪತ್ರಿಕೆಗಳಲ್ಲಿ ಹೆಸರು ಬಂದವರು ಎಂಬುದನ್ನೂ ಮರೆಯಬಾರದು. ಅದೇ ಬಾಗಿಲನ್ನು ಒಂಟಿ ಹೆಂಗಸೊಬ್ಬಳು ಇರುಳಿನಲ್ಲಿ ತಟ್ಟುವುದೂ, ಲಂಬಾಣಿ ತಾಂಡಾದವನೊಬ್ಬ ತಟ್ಟುವುದೂ ಬೇರೆ ಬೇರೆ. ಲಾರಿಯ ಮುಂದೆ ಕೈ ಅಡ್ಡ ಮಾಡುವಾಗಲೂ ಅಷ್ಟೇ. ಹತ್ತಿಸಿಕೊಳ್ಳುವವನೂ ಹತ್ತುವವನೂ ಒಬ್ಬರನ್ನೊಬ್ಬರು ಅರೆಗಳಿಗೆಯಲ್ಲಿ ಅಳೆಯಬೇಕು. ಅಳತೆ ತಪ್ಪಿದರೆ ಅಪಾಯವುಂಟು. ಪರದೇಶದ ಬೆಟ್ಟಗಳಲ್ಲಿ ಹೆಬ್ಬೆರಳೆತ್ತುವವರು ಇದನ್ನು ಬಲ್ಲರು.

ನಮ್ಮ ಹಳ್ಳಿಗಳ ರಸ್ತೆಯಲ್ಲಿ ಹೆಬ್ಬೆರಳಿನ ಸಂಕೇತ ಬೇಕಾಗುವುದಿಲ್ಲ. ಕೊನೆಯ ಬಸ್ಸು ತಪ್ಪಿಸಿಕೊಂಡವನು ಭತ್ತದ ಟ್ರ್ಯಾಕ್ಟರಿಗೋ ಹಾಲಿನ ಗಾಡಿಗೋ ಕೈ ಅಡ್ಡ ಹಿಡಿದು, "ಅಣ್ಣಾ, ಹಂಗೇ ನ್ಯಾಮ್ತಿ ತನಕ ಬಿಡ್ರಿ" ಎಂದರೆ ಸಾಕು. ಚಾಲಕ ಮೊದಲು ಕೇಳುವುದು ಯಾವೂರು ಎಂದು; ಎರಡನೆಯದು ಯಾರ ಮನೆಯವನು ಎಂದು. ಮೂರನೆಯ ಪ್ರಶ್ನೆ ಬರುವ ಹೊತ್ತಿಗೆ ಇಬ್ಬರಿಗೂ ಬೇಕಾದ ಬೀಗನೊಬ್ಬ ಸಿಕ್ಕೇ ಸಿಗುತ್ತಾನೆ. ಈ ಪ್ರಶ್ನೆಗಳಿಗೆ ಉತ್ತರವಿಲ್ಲದವನ ಗತಿ ಏನು ಎಂಬುದು ಬೇರೆ ಮಾತು.

ದಾರಿಹೋಕನಿಗೆಂದೇ ಕಟ್ಟಿಟ್ಟದ್ದೂ ಈ ಸೀಮೆಯಲ್ಲಿದೆ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನಲ್ಲಿ ಕೆಂಗ ಹನುಮಪ್ಪ ನಾಯಕನು ೧೬ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿ ಪ್ರಸಿದ್ಧವಾದದ್ದು. ಅದರ ದಡದ ಮೇಲಿನ ಕಲ್ಲುಕಟ್ಟಡಕ್ಕೆ ಮುಸಾಫಿರ್‌ಖಾನೆ ಎಂದು ಹೆಸರು. ಎಂದರೆ ದಾರಿಹೋಕರ ಮನೆ. ಊರೂರಿನ ಅರವಟ್ಟಿಗೆ, ಛತ್ರ, ಸಾಲುಮರಗಳೂ ಹೀಗೆಯೇ. ನೀರನ್ನು ಇಟ್ಟವನು ಕುಡಿಯುವವನ ಮುಖವನ್ನು ನೋಡಿ ಇಟ್ಟದ್ದಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪಾಲಿಗೆ ಪುಣ್ಯಭೂಮಿ. ಅವರ ಗುರುವಾದ ಸಂತ ಸೇವಾಲಾಲರು ೧೭೩೯ರ ಫೆಬ್ರವರಿ ೧೫ರಂದು ಇಲ್ಲಿ ಹುಟ್ಟಿದರೆಂದು ಭಕ್ತರ ನಂಬಿಕೆ. ಭೀಮಾನಾಯಕನ ಮಗನಾದ ಅವರೂ ದನ ಕಾಯುತ್ತ, ತಾಂಡಾದೊಡನೆ ನಾಡಿನಿಂದ ನಾಡಿಗೆ ಸಂಚರಿಸಿದವರೇ. ಅವರ ಸಮಾಧಿ ಇರುವುದು ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೋಹರಾದೇವಿಯಲ್ಲಿ. ಹುಟ್ಟಿದ ನೆಲಕ್ಕೂ ಮಣ್ಣಾದ ನೆಲಕ್ಕೂ ನಡುವೆ ನೂರಾರು ಮೈಲಿ. ಆ ನಡುವಣ ದಾರಿಯೇ ಅವರ ಊರು.

ಪ್ರತಿವರ್ಷ ಫೆಬ್ರವರಿಯ ನಡುವಿನಲ್ಲಿ, ಜಯಂತಿಯ ದಿನಗಳಲ್ಲಿ, ಸೂರಗೊಂಡನಕೊಪ್ಪಕ್ಕೆ ಜನ ಹರಿದುಬರುತ್ತಾರೆ. ಕರ್ನಾಟಕದ ಮೂಲೆಮೂಲೆಗಳಿಂದ ಮಾತ್ರವಲ್ಲ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಬರುತ್ತಾರೆ. ಬಸ್ಸು, ಲಾರಿ, ಟೆಂಪೋಗಳಲ್ಲಿ ಬರುವವರು ಬಹಳ. ಮಾಲೆ ಧರಿಸಿ ವ್ರತ ಹಿಡಿದವರು ಮಾತ್ರ ನಡೆದೇ ಬರುತ್ತಾರೆ. ಮಾಗಿಯ ಚಳಿ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಹಗಲಿನ ಬಿಸಿಲು ಆಗಲೇ ಚುರುಗುಟ್ಟುತ್ತಿರುತ್ತದೆ. ಅವರ ಬೆನ್ನಿಗೆ ಹೇರಿಲ್ಲ, ಉಪ್ಪಿಲ್ಲ; ಒಂದು ಹೊದಿಕೆ, ಒಂದು ಚೊಂಬು, ಬದಲಿಸಲು ಒಂದು ಬಟ್ಟೆ. ಕತ್ತಲಾದ ಕಡೆ ದಾರಿಬದಿಯ ಶಾಲೆಯ ಜಗಲಿಯೋ ಗುಡಿಯ ಪೌಳಿಯೋ ಅವರಿಗೆ ಮನೆ. ಗುಂಪಿನ ಹಿರಿಯ ಹೆಂಗಸೊಬ್ಬಳು ಗೋರ್ ಭಾಷೆಯಲ್ಲಿ ಸೇವಾಲಾಲರ ಹಾಡನ್ನು ಎತ್ತಿಕೊಂಡರೆ ಉಳಿದವರು ದನಿ ಕೂಡಿಸುತ್ತಾರೆ. ಆ ಭಾಷೆಗೆ ತನ್ನದೆಂಬ ಲಿಪಿಯಿಲ್ಲ. ಹಾಡಿನ ಮೇಲೆ ಹೊತ್ತುಕೊಂಡೇ ಅದು ಇಷ್ಟು ದೂರ ಬಂದಿದೆ. ಊರಿನ ಮಂದಿ ಒಬ್ಬೊಬ್ಬರಾಗಿ ಬಂದು ಜಗಲಿಯ ಕೆಳಗೆ ಕುಳಿತು ಕೇಳುತ್ತಾರೆ. ಮಾತು ತಿಳಿಯುವುದಿಲ್ಲ. ಎದುರುಮನೆಯ ಹೆಂಗಸು ಒಳಗೆ ಹೋಗಿ, ಎರಡು ಕೊಡ ನೀರು ತಂದು ಜಗಲಿಯ ಮೇಲೆ ಇಟ್ಟು, ಚೊಂಬನ್ನು ಅದರ ಮೇಲೆ ಬೋರಲು ಹಾಕಿ, ಮತ್ತೆ ಹಾಡು ಕೇಳಲು ತನ್ನ ಮೆಟ್ಟಿಲ ಮೇಲೆ ಹೋಗಿ ಕುಳಿತುಕೊಳ್ಳುತ್ತಾಳೆ.